ಪಾಚಿಯಲ್ಲ, ಮಧ್ಯದ ತಲೆಮಾರು

ಇಂದ
ಸಹಾಯಕ, ಸಸಿಗಳ ನರ್ಸರಿ
(ಮನೆಯಲ್ಲಿ: ಮಗ, ಊಟದ ಹೊತ್ತಿನಲ್ಲಿ: ಗುಮ್ಮನಗುಸುಕ)

ಗೆ
ಮಾಲೀಕರು, ಅದೇ ನರ್ಸರಿ
(ಮನೆಯಲ್ಲಿ: ಅಪ್ಪ)

ವಿಷಯ: ಎರಡನೆಯ ಟ್ರೇಯನ್ನು ಕೆರೆಯದಿರುವ ಬಗ್ಗೆ.

ಉಲ್ಲೇಖ: "ಬಾಯಲ್ಲಿ ಹೇಳೋಕಾಗ್ದಿದ್ರೆ ಬರ್ದಾದ್ರೂ ಕೊಡೋ!" ಎಂಬ ತಮ್ಮ ಇಂದಿನ ಮೌಖಿಕ ಆದೇಶ.

ಮಾನ್ಯರೇ,

ಇದನ್ನು ಕೊಡುವುದೋ, ಹರಿದು ಹಾಕುವುದೋ? ಕೊಟ್ಟರೆ ತಾವು ನಗುತ್ತೀರಿ. ಹರಿದರೆ ಟ್ರೇ ಹೋಗುತ್ತದೆ. ನಗುವೇ ವಾಸಿ ಎಂದು ಕಂಡುಬಂದ ಕಾರಣ ಅರ್ಜಿದಾರನು ನಿವೇದಿಸಿಕೊಳ್ಳುವುದೇನೆಂದರೆ:

೧. ಇಂದು ಬೆಳಗ್ಗೆ ತಾವು ಗಾಜಿನ ಮನೆಗೆ ಬಂದು, ಮೊದಲ ಟ್ರೇ ನೋಡಿ, "ಏನೋ ಇದು? ಅಷ್ಟು ಓದಿ ಪಾಚಿ ಬೆಳೆಸ್ತಿದೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲ್ಲವನ್ನೂ ಚಾಕುವಿನಿಂದ ಕೆರೆದು ಬುಟ್ಟಿಗೆ ಹಾಕಿ, ಎರಡನೆಯ ಟ್ರೇಯನ್ನು ನಾಳೆ ಕೆರೆಯುವುದಾಗಿ ಹೇಳಿದಿರಿ. ಅರ್ಜಿದಾರನು ನೀರಿನ ಪೈಪು ಹಿಡಿದು ನಿಂತಿದ್ದನು. ಬಾಯಿ ತೆರೆದನು. ಮುಚ್ಚಿದನು.

೨. ಅದು ಪಾಚಿಯಲ್ಲ. ಜರೀಗಿಡದ ಗರಿಯ ಹಿಂದಿರುವ ಕಂದು ಪುಡಿ ಮೊಳೆತರೆ ನೇರವಾಗಿ ಜರೀಗಿಡವಾಗುವುದಿಲ್ಲ. ಉಗುರಿಗಿಂತ ಚಿಕ್ಕ ಹಸಿರು ಹಾಳೆಯಾಗುತ್ತದೆ. ಅದಕ್ಕೆ ಗರಿಯಿಲ್ಲ, ಹೆತ್ತವರ ಒಂದು ಲಕ್ಷಣವೂ ಇಲ್ಲ. ಆ ಹಾಳೆಯಲ್ಲಿ ಗಂಡು ಹೆಣ್ಣು ಕೂಡಿದ ಮೇಲೆಯೇ ಮತ್ತೆ ಜರೀಗಿಡ. ಅಂದರೆ ಮಗು ತಾಯಿಯನ್ನು ಹೋಲದು. ಮೊಮ್ಮಗು ಮಾತ್ರ ಅಜ್ಜಿಯ ಪಡಿಯಚ್ಚು.

೩. "ಬೀಜದಂತೆ ವೃಕ್ಷ ಅಂತಾರೆ, ಇವನ್ಯಾವ ಬೀಜವೋ!" ಎಂದು ತಾವು ಗಿರಾಕಿಗಳ ಮುಂದೆ ಅಪ್ಪಣೆ ಕೊಡಿಸುವುದುಂಟು. ಜರೀಗಿಡಕ್ಕೆ ಬೀಜವೇ ಇಲ್ಲದ ಕಾರಣ ಈ ಗಾದೆ ಅನ್ವಯಿಸದು. ಅಲ್ಲದೆ ಅಜ್ಜಿಯವರು ತಮಗೇ ಹೇಳಿದ್ದಾರೆ: "ಇವ್ನು ಥೇಟ್ ನಿಮ್ಮಪ್ಪ ಕಣೋ. ಅವ್ರೂ ಹೀಗೇ, ಗಿಡದ ಜೊತೆ ಮಾತು, ನನ್ನ ಜೊತೆ ಮೌನ. ಮಧ್ಯೆ ನೀನೊಬ್ಬ ಹುಟ್ಟಿದೆ ನೋಡು, ಊರ ಡಂಗುರ!" ಆದ್ದರಿಂದ ಈ ಮನೆಯ ಮಧ್ಯದ ತಲೆಮಾರು ಯಾರೆಂಬುದು ಇತ್ಯರ್ಥವಾಗಿದೆ. ಅವರನ್ನು ಯಾರೂ ಕೆರೆದು ಎಸೆದಿಲ್ಲ ಎಂಬುದನ್ನು ತಾವು ಗಮನಿಸಬೇಕು.

೪. ಉಳಿದ ಟ್ರೇಯ ಮೂಲೆಯಲ್ಲಿ ಒಂದು ಹಾಳೆಯಿಂದ ಪುಟ್ಟ ಗರಿಯೊಂದು ತಲೆ ಎತ್ತಿದೆ.

ಕಾರಣ, ನಾಳೆ ಚಾಕು ಹಿಡಿಯುವ ಮುನ್ನ ತಾವು ಕನ್ನಡಕ ಹಾಕಿಕೊಂಡು ಒಮ್ಮೆ ಬಗ್ಗಿ ನೋಡಬೇಕಾಗಿ ಪ್ರಾರ್ಥನೆ.

ಇಂತು, ಹೋಲಿಕೆ ಇಲ್ಲದಿದ್ದರೂ ತಮ್ಮವನೇ ಆದ ವಿಶ್ವಾಸಿ,
ಅರ್ಜಿದಾರ

ಲಗತ್ತು:
ಎರಡನೆಯ ಟ್ರೇ.
ತಾತನ ಜರೀಗಿಡದ ಒಣಗಿದ ಗರಿ, ಹೋಲಿಸಿ ನೋಡಲು.

ವಿ.ಸೂ.: ತಾತನ ಆ ಗಿಡ ಸತ್ತಾಗ ತಾವು ಖಾಲಿ ಕುಂಡದ ಮುಂದೆ ಕೂತು ಇಡೀ ದಿನ ಮಾತಾಡಲಿಲ್ಲ. ಅದರ ಪುಡಿಯನ್ನು ಅರ್ಜಿದಾರನು ಮೊದಲೇ ತೆಗೆದಿಟ್ಟಿದ್ದನು. ಎರಡೂ ಟ್ರೇಗಳಲ್ಲಿ ಬಿತ್ತಿದ್ದು ಅದನ್ನೇ, ತಮಗೆಂದೇ. ಹೇಳಲಿಲ್ಲ.