ನಾನು ಬಿಯರ್ ಮಾಡಲು ಹೋದದ್ದು

ಕೆಲವರು ಹೋದಲ್ಲೆಲ್ಲ ಚಪ್ಪಲಿ ಕಳೆದುಕೊಳ್ಳುತ್ತಾರೆ. ನಾನು ವರ್ಗವಾದ ಊರಿನಲ್ಲೆಲ್ಲ ಮಾನ ಕಳೆದುಕೊಂಡೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಒಂಟಿ ಆಳು. ಮೈಸೂರಿಗೆ ಟ್ರೈನಿಂಗಿಗೆ ಹೋದಾಗ ಒಂದು ಗ್ಲಾಸ್ ಬಿಯರ್ ಕುಡಿದು ರುಚಿ ಹತ್ತಿತ್ತು. ಆದರೆ ಸಣ್ಣ ಊರಿನಲ್ಲಿ ಮೇಷ್ಟ್ರು ಬ್ರಾಂದಿ ಅಂಗಡಿ ಮೆಟ್ಟಿಲು ಹತ್ತಿದರೆ ಮರುದಿನ ಮಕ್ಕಳ ಮುಂದೆ ನಿಲ್ಲುವುದು ಹೇಗೆ? ಕುಡಿಯುವವನಿಗೆ ಬಾಡಿಗೆ ಮನೆಯೂ ಸಿಗುತ್ತಿರಲಿಲ್ಲ. ಅದಕ್ಕೇ ಕೋಣೆಯಲ್ಲೇ ಮಾಡಿಕೊಳ್ಳಲು ಹೊರಟೆ. ಈಗ ನೆನೆದರೂ ಮುಖ ಬಿಸಿಯಾಗುತ್ತದೆ.

ಚನ್ನಗಿರಿ

ಬಾರ್ಲಿ ಬೇಯಿಸಿ, ಬೆಲ್ಲ ಹಾಕಿ, ಬೇಕರಿಯಿಂದ ತಂದ ಈಸ್ಟ್ ಕಲಸಿ, ಎರಡೇ ದಿನಕ್ಕೆ ಬಾಟಲಿಗೆ ತುಂಬಿ ಬಿರಡೆ ಜಡಿದು ಮಂಚದ ಕೆಳಗಿಟ್ಟೆ. ಹುಳಿಯುವುದು ಮುಗಿಯುವ ತನಕ ಕಾಯಬೇಕೆಂದು ವಿಜ್ಞಾನದ ಮೇಷ್ಟ್ರಿಗೇ ಹೊಳೆಯಲಿಲ್ಲ. ಭಾನುವಾರ ಬೆಳಿಗ್ಗೆ ಮನೆ ಯಜಮಾನರು ಲಿಂಗಪೂಜೆಗೆ ಕೂತಿದ್ದಾಗ ನನ್ನ ಕೋಣೆಯಲ್ಲಿ ಢಂ ಎಂದಿತು. ಒಂದರ ಹಿಂದೆ ಒಂದು, ಆರು. ಪೂಜೆ ಬಿಟ್ಟು ಓಡಿಬಂದರು. ಪಾಠಕ್ಕೆ ಒಂದು ಪ್ರಯೋಗ ಮಾಡುತ್ತಿದ್ದೆ, ಗಾಳಿಯ ಒತ್ತಡದ್ದು, ಎಂದೆ. ಅವರು ತೊಟ್ಟಿಕ್ಕುತ್ತಿದ್ದ ಮಂಚವನ್ನೂ ನನ್ನ ಒದ್ದೆ ಪಂಚೆಯನ್ನೂ ನೋಡಿದರು.

“ಒತ್ತಡ ಐತೆ ಅಂತ ಗೊತ್ತಾತಲ್ರೀ ಮೇಷ್ಟ್ರೇ, ಇನ್ನು ಸಾಕು ಬಿಡ್ರಿ.”

ಹೊನ್ನಾಳಿ

ಇಲ್ಲಿ ಕ್ರಮವಾಗಿ ಮಾಡೋಣವೆಂದು ಸಿಪ್ಪೆ ಸಮೇತ ಜವೆಗೋಧಿ, ಅಂದರೆ ಇಡೀ ಬಾರ್ಲಿ, ತರಿಸಿ, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದೆ. ಒಣಗಲೆಂದು ಮಾಳಿಗೆ ಮೇಲೆ ಹರಡಿ ಶಾಲೆಗೆ ಹೋದೆ. ಸಂಜೆ ಬಂದರೆ ಮಾಳಿಗೆ ಖಾಲಿ. ಮನೆಯ ಯಜಮಾನಿ ತಟ್ಟೆ ಹಿಡಿದು ಬಂದರು. ಪಾಪ, ಒಂಟಿ ಗಂಡಸು ಮೊಳಕೆ ಕಾಳನ್ನು ಬಿಸಿಲಲ್ಲಿ ಮರೆತಿದ್ದಾನೆ ಎಂದು ಅಷ್ಟನ್ನೂ ಒಗ್ಗರಣೆ ಹಾಕಿ ಉಸಲಿ ಮಾಡಿದ್ದರು. ಎರಡು ಸಲ ಬೇಯಿಸಿದರೂ ಮೆತ್ತಗಾಗಲಿಲ್ಲ ಎಂದು ನೊಂದುಕೊಂಡರು. ನಾನು ಅವರ ಎದುರೇ ಕೂತು ಹೊಟ್ಟು ಅಗಿಯುತ್ತ, ಬಹಳ ಚೆನ್ನಾಗಿದೆ ಎಂದೆ. ಅವರು ಇನ್ನೊಂದು ಸೌಟು ಹಾಕಿದರು.

ನ್ಯಾಮತಿ

ಇಲ್ಲಿನದು ಹೇಳಲೇಬಾರದು. ಕೆಟ್ಟುಹೋದ ಒಂದು ಕೊಡ ಸರಕನ್ನು ಹಿತ್ತಲಿನಲ್ಲಿ ಮನೆಯವರ ಎಮ್ಮೆಗಿಟ್ಟಿದ್ದ ಕಲಗಚ್ಚಿನ ಬಾನಿಗೆ ಸುರಿದೆ. ಅದನ್ನು ಕುಡಿದ ಎಮ್ಮೆ ಹಾಲು ಕರೆಯುವ ಹೊತ್ತಾದರೂ ಏಳಲಿಲ್ಲ. ದೃಷ್ಟಿ ತಗುಲಿದೆ ಎಂದು ಮನೆಯವರು ಉಪ್ಪು, ಒಣಮೆಣಸಿನಕಾಯಿ ತಂದರು. ಕೆಟ್ಟ ಚಟವಿಲ್ಲದವರ ಕೈಯಿಂದಲೇ ನಿವಾಳಿಸಬೇಕಂತೆ. ಇಡೀ ಬೀದಿ ಯೋಚಿಸಿ ನನ್ನ ಕೈಗೇ ಕೊಟ್ಟಿತು. ನಾನು ನಿವಾಳಿಸುವಾಗ ಎಮ್ಮೆ ಒಂದೇ ಒಂದು ಕಣ್ಣು ತೆರೆದು ನನ್ನನ್ನು ನೋಡಿತು.

ಜಗಳೂರು

ಇಲ್ಲಿ ಮನೆಯೊಡತಿ ಒಬ್ಬ ಅಜ್ಜಿ. ಕುಡಿಯುವವರಿಗೆ ಮನೆ ಇಲ್ಲ ಎಂದು ಮೊದಲೇ ಹೇಳಿದ್ದರು. ಒಂದು ದಿನ ನನ್ನ ಗಡಿಗೆ ಅವರ ಕಣ್ಣಿಗೆ ಬಿತ್ತು. ಉಷ್ಣಕ್ಕೆ ಬಾರ್ಲಿ ಕಷಾಯ ಎಂದುಬಿಟ್ಟೆ. ತನಗೂ ಉಷ್ಣ ಎಂದು ಅಜ್ಜಿ ಒಂದು ಲೋಟ ಕುಡಿದರು. ಆಮೇಲೆ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಲೋಟ ಹಿಡಿದು ಬರತೊಡಗಿದರು. ಕೊಡದಿದ್ದರೆ ಗುಟ್ಟು ರಟ್ಟು, ಕೊಟ್ಟರೆ ಪಾಪ. ಅವರಿಗೆಂದೇ ಹೊಸ ಗಡಿಗೆ ಹಾಕಬೇಕಾಯಿತು. ಕುಡಿದು, ನನ್ನ ನೆತ್ತಿ ಮುಟ್ಟಿ, ಒಳ್ಳೇದಾಗಲಿ ಅನ್ನುವರು. ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಮೂರು ವಾರ ತಡೆದೆ. ಕೊನೆಗೆ ಟ್ರಂಕು ಕಟ್ಟಿಕೊಂಡು ಹೋಗಿ ಅವರ ಕಾಲಿಗೆ ಬಿದ್ದೆ. ಅದು ಕಷಾಯವಲ್ಲ, ಬಿಯರು, ನಿಮ್ಮ ನೇಮ ಕೆಡಿಸಿದೆ ಎಂದು ಅತ್ತೆ. ಅಜ್ಜಿ ಲೋಟ ಎತ್ತಿ ಮೂಸಿದರು.

“ಏಳ್ರಿ ಮೇಷ್ಟ್ರೇ. ನಮ್ಮನೆಯವ್ರು ಕುಡಿದೇ ಹೋದ್ರು. ಅದರ ವಾಸನೆ ನನಗೆ ತಿಳಿಯಾದಿಲ್ಲೇನು? ಇದ್ರಾಗೆ ಅಂಥದ್ದೇನೂ ಇಲ್ಲ. ನಿಮಗೆ ಮಾಡಾಕೆ ಬರಲ್ಲ. ಹೋಗಿ ಟ್ರಂಕು ಒಳಗಿಡ್ರಿ.”

ಮನೆ ಉಳಿಯಿತು. ನಾಳೆಗೆ ಒಂಚೂರು ಬೆಲ್ಲ ಜಾಸ್ತಿ ಹಾಕಿ ಎಂದೂ ಹೇಳಿ ಕಳಿಸಿದರು. ಮೂರು ವಾರದಿಂದ ಪ್ರತಿ ಸಂಜೆ ಅದನ್ನೇ ಕುಡಿದು ನಾನು ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದೆನಲ್ಲ, ಅದನ್ನು ಮಾತ್ರ ಅವರಿಗೆ ಹೇಳಲಿಲ್ಲ.