ಹೊಸ್ತಿಲ ಹೊರಗಿನ ಸ್ಲೊವೇನಿಯನ್

...ಇಲ್ಲ, ಆ ಲಕೋಟೆ ನೀಲಿಯದಾಗಿರಲಿಕ್ಕಿಲ್ಲ. ಪರದೇಶದ ಕಾಗದವೆಂದರೆ ನೀಲಿಯೇ ಇರಬೇಕೆಂಬ ಹಟಕ್ಕೆ ನಾನು ಇಷ್ಟು ವರ್ಷ ಅದಕ್ಕೆ ಬಣ್ಣ ಹಚ್ಚಿಕೊಂಡು ಬಂದಿದ್ದೇನೆ. ವರ್ಷವೂ ಖಚಿತವಿಲ್ಲ, ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ ಅನ್ನೋಣ. ಒಂದು ಮಾತಿಗೆ ಮಾತ್ರ ನಾನು ಜಾಮೀನು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಲ್ಲಿ ಸ್ಲೊವೇನಿಯನ್ ಭಾಷೆಯ ಏಕಮೇವ ಪಂಡಿತ ನನ್ನ ಸೋದರಮಾವ. ಆ ಭಾಷೆ ಅವನಿಗೆ ಬರುತ್ತಿರಲಿಲ್ಲ ಎನ್ನುವುದು ಬೇರೆ ವಿಷಯ!

ಮಾವ ಇಂಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ "ಟೈಮ್ ಸಿಗಲಿಲ್ಲೋ" ಎನ್ನುತ್ತಿದ್ದ. ಗೋಡೆಯ ಮೇಲೆ ಹದಿನೇಳು ಗಡಿಯಾರ ಇಟ್ಟುಕೊಂಡು! ಯಾವುದೋ ಪತ್ರಿಕೆಯ ಪತ್ರಮಿತ್ರರ ಅಂಕಣದಿಂದ ಯುಗೊಸ್ಲಾವಿಯಾದ ಒಬ್ಬ ಹೆಂಗಸು ಅವನಿಗೆ ಗೆಳತಿಯಾಗಿದ್ದಳು. ತನ್ನ ಮನೆಮಾತು ಸ್ಲೊವೇನಿಯನ್ ಎಂದು ಮೊದಲ ಪತ್ರದಲ್ಲೇ ಹೇಳಿಕೊಂಡಿದ್ದಳು. ನಾಲ್ಕು ವರ್ಷ ಇಬ್ಬರೂ ಇಂಗ್ಲಿಷಿನಲ್ಲಿ ಬರೆದುಕೊಂಡರು. ಇಬ್ಬರ ಇಂಗ್ಲಿಷೂ ಕುಂಟು. ಒಂದರ ಹೆಗಲ ಮೇಲೆ ಇನ್ನೊಂದು ಕೈಯಿಟ್ಟು ಹೇಗೋ ಸಾಗುತ್ತಿತ್ತು. ಆಮೇಲೆ ಐದಾರು ತಿಂಗಳು ಸುದ್ದಿಯಿಲ್ಲ. ಆಮೇಲೆ ಈ ಕಾಗದ: ಒಂಬತ್ತು ಸಾಲು, ಬೇರೆ ಯಾರದೋ ಕೈಬರಹ, ಪೂರ್ತಿ ಸ್ಲೊವೇನಿಯನ್.

ನಮ್ಮ ಕಡೆ ಸಾವಿನ ಕಾಗದ ಹೊಸ್ತಿಲು ದಾಟುವಂತಿಲ್ಲ. ಹೊರಗೇ ಓದಿ, ಹರಿದು, ಮೈ ತೊಳೆದುಕೊಂಡು ಒಳಗೆ ಬರಬೇಕು. ಶುಭದ ಕಾಗದವಾದರೆ ನೇರ ದೇವರ ಮುಂದೆ. ಓದಲಿಕ್ಕೇ ಬಾರದ ಕಾಗದ ಬಂದರೆ? ಶಾಸ್ತ್ರದಲ್ಲಿ ಅದಕ್ಕೆ ಜಾಗವಿಲ್ಲ! ಅಜ್ಜಿ, ಎಂದರೆ ಮಾವನ ತಾಯಿ, ಬಾಗಿಲಲ್ಲಿ ಅಡ್ಡ ನಿಂತಳು.

"ಕೈ ಬ್ಯಾರೆ ಐತಿ ಅಂದ್ರ ಸುದ್ದೀನೂ ಬ್ಯಾರೆ ಐತಿ. ಓದೂ ತನಕ ಹೊರಗ ಇರಲಿ."

"ಹಂಗಾರ ನಾನೂ ಹೊರಗ ಇರ್ತೇನಿ."

ಕಾಗದ ಹೊರಗೋಡೆಯ ಮೊಳೆಗೆ ನೇತುಬಿತ್ತು. ಅದರ ಕೆಳಗಿನ ಕಟ್ಟೆಗೆ ಮಾವನ ಹಾಸಿಗೆ, ತಟ್ಟೆ ಬಂದವು. ನಾನು ಆಗ ಸಿಂದಗಿಯಲ್ಲಿ ಮಾಸ್ತರ. ರಜೆಗೆ ಹೋದಾಗಲೆಲ್ಲ ಅವನು ಕಟ್ಟೆಯ ಮೇಲೇ ಉಣ್ಣುತ್ತಿದ್ದ. ಪಕ್ಕದ ಮನೆಯಾಕೆ ಹಾದುಹೋಗುವಾಗ ಬಿಡುತ್ತಿರಲಿಲ್ಲ: "ಹೊರಗ ಕುಂತ ಹೆಂಗಸರು ನಾಕನೇ ದಿನಕ್ಕ ಒಳಗ ಬರ್ತಾರ್ರಿ, ನಿಮ್ಮದು ವರ್ಷಾತಲ್ರಿ!"

ಇಂಗ್ಲಿಷಿನಲ್ಲಿ ಬರೆದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಒಳಗೆ ಬರಲು ಉಳಿದದ್ದು ಒಂದೇ ದಾರಿ, ಸ್ಲೊವೇನಿಯನ್ ಕಲಿಯುವುದು. ಕಲಿಯಲು ಪುಸ್ತಕ ಬೇಕಲ್ಲ? ಮೊದಲು ಇಂಡಿಯ ವಾಚನಾಲಯ. ಅಲ್ಲಿಯ ಗ್ರಂಥಪಾಲ ಕಪಾಟು ತಡಕಿ ಬಂದ.

"ನೀವು ಕೇಳಿದ್ದು ಇಲ್ರಿ. ಮೂವತ್ತು ದಿನದಾಗ ಮಲಯಾಳಂ ಐತಿ, ಒಯ್ಯಿರಿ."

"ನನಗ ಸ್ಲೊವೇನಿಯನ್ ಬೇಕೋ ಮಾರಾಯ!"

"ಎರಡೂ ನಿಮಗ ಬರೂದಿಲ್ಲ ಹೌದಿಲ್ರಿ? ಸುರು ಮಾಡ್ರಿ!"

ಮಾವ ಒಯ್ದ! ಬೇಡ ಅಂದರೆ ಆ ಮನುಷ್ಯನಿಗೆ ಬೇಜಾರಾಗುತ್ತದೆ ಎಂದು.

ಮುಂದೆ ಮುದ್ದೇಬಿಹಾಳ. ಅಲ್ಲಿ ಸೈಕಲ್ ಅಂಗಡಿಯ ಒಬ್ಬ ಸಾಹೇಬರು ಮಹಾಯುದ್ಧದಲ್ಲಿ ಇಟಲಿಯ ಆಚೆ ತುದಿಯವರೆಗೆ ಹೋಗಿದ್ದವರು, ಆ ಜನರನ್ನು ಕಂಡವರು ಎಂಬ ಸುದ್ದಿ. ನಾನೂ ಜೊತೆಗೆ ಹೋಗಿದ್ದೆ. ಅಥವಾ ಮಾವ ಎಷ್ಟೋ ಸಲ ಹೇಳಿದ್ದರಿಂದ ಹೋಗಿದ್ದೆ ಅನ್ನಿಸುತ್ತದೆಯೋ? ಸಾಹೇಬರಿಗೆ ಮೂರು ಪದ ನೆನಪಿದ್ದವು. ನಮಸ್ಕಾರಕ್ಕೆ ದೋಬೆರ್ ದಾನ್, ರೊಟ್ಟಿಗೆ ಕ್ರುಹ್, ನೀರಿಗೆ ವೋದಾ.

"ಇಷ್ಟ ಬಂದ್ರ ಸಾಕ್ರಿ, ಎಲ್ಲಿ ಬಿಟ್ರೂ ಉಪವಾಸ ಬೀಳೂದಿಲ್ಲ" ಎಂದರು ಸಾಹೇಬರು. ಬಸ್ಸಿನಲ್ಲಿ ವಾಪಸು ಬರುವಾಗ ಮಾವ ಹುಮ್ಮಸ್ಸಿನಿಂದ ಕಾಗದ ಬಿಡಿಸಿದ. ಅದರಲ್ಲಿ ನಮಸ್ಕಾರವೂ ಇರಲಿಲ್ಲ, ರೊಟ್ಟಿಯೂ ಇರಲಿಲ್ಲ, ನೀರೂ ಇರಲಿಲ್ಲ.

ಕೊನೆಗೆ ದಿಲ್ಲಿಯ ಯಾವುದೋ ಕಚೇರಿಗೆ ಬರೆದ. ನಿಘಂಟು ಬೇಡಿದವನಿಗೆ ಬಂದದ್ದು ಜೇನು ಸಾಕುವುದರ ಚಿತ್ರಪುಸ್ತಕ! ಭಾಷೆಯೇನೋ ಸ್ಲೊವೇನಿಯನ್ನೇ. ಮಾವನಿಗೆ ಅಷ್ಟೇ ಸಾಕಾಯಿತು. ಗಿರಾಕಿಗಳು ಗಡಿಯಾರ ಬಿಚ್ಚಿಸಿಕೊಂಡು ಕೂತಿರುವಾಗ ಅವರಿಗೆ ಹುಳುವಿನ ಹೆಸರು, ಪೆಟ್ಟಿಗೆಯ ಹೆಸರು, ಹೊಗೆಯ ಹೆಸರು ಬಾಯಿಪಾಠ ಒಪ್ಪಿಸುತ್ತಿದ್ದ. ಜೇನುತುಪ್ಪಕ್ಕೆ ಮೇದ್ ಅನ್ನುತ್ತಾರೆ ಎಂದು ತಿಳಿದ ದಿನ ಮನೆಗೆ ಓಡಿಬಂದ. "ಅವ್ವಾ, ಮೇದ್ ಅಂದ್ರ ನಮ್ಮ ಮಧು! ಇವರು ನಮ್ಮ ಪೈಕೀನ!"

"ಹೌದೇನು? ಹಂಗಾರ ಅಕಿ ಹೆಂಗದಾಳಂತ?" ಎಂದಳು ಅಜ್ಜಿ.

ಮಾವ ಅಂಗಡಿಗೆ ತಿರುಗಿ ಹೋದ. ಇಡೀ ಪುಸ್ತಕ ಅರೆದು ಕುಡಿದ ಮೇಲೂ ಕಾಗದದಲ್ಲಿ ಅವನಿಗೆ ಅರ್ಥವಾಗಿದ್ದು ಒಂದೇ ಪದ. ಚಿತ್ರದ ಕೆಳಗೆ 'ಜೇನು ಮತ್ತು ಮೇಣ' ಎಂದಿತ್ತಲ್ಲ, ಅದರಿಂದ ಸಿಕ್ಕ 'ಮತ್ತು'. ಏನೋ ಮತ್ತು ಏನೋ. ಯಾರೋ ಮತ್ತು ಯಾರೋ. ಅವಳು ಇದ್ದಾಳೋ ಇಲ್ಲವೋ ಎಂದು ಹೇಳಬಲ್ಲ ಒಂದು ಪದವೂ ಆ ಜೇನುಗೂಡಿನಲ್ಲಿರಲಿಲ್ಲ. ಇದನ್ನು ನನಗೆ ಹೇಳಿ ಅವನು ಜೋರಾಗಿ ನಕ್ಕ. ನಾನೂ ನಕ್ಕೆ. ನಗಬಾರದಿತ್ತು.

ಎರಡನೆಯ ಚಳಿಗಾಲದಲ್ಲಿ ಅವನಿಗೆ ಕೆಮ್ಮು ಹಿಡಿಯಿತು. ಒಂದು ಮಧ್ಯಾಹ್ನ, ನಾನೂ ಅಲ್ಲಿದ್ದೆ, ಅಜ್ಜಿ ಬಾಗಿಲಿಗೆ ಬಂದು ಕೇಳಿದಳು: "ಓದಾಕ ಬಂತೇನೋ?"

"ಬಂತು" ಎಂದ ಮಾವ. ಕಾಗದ ಇಳಿಸಿ, ಕಣ್ಣಿಗೆ ಹತ್ತಿರ ಹಿಡಿದು, ಕನ್ನಡದಲ್ಲಿ ಓದತೊಡಗಿದ. ಆಕೆ ಆರಾಮ ಇದ್ದಾಳೆ. ಕೈಗೆ ಪೆಟ್ಟಾಗಿದೆ, ಅದಕ್ಕೇ ತಂಗಿಯಿಂದ ಬರೆಸಿದ್ದಾಳೆ. ಅಂಗಳದ ಸೇಬು ಈ ಸಲ ಬಹಳ ಬಿಟ್ಟಿದೆ. ಅವ್ವನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದ್ದಾಳೆ.

"ನನ್ನನ್ನ ಕೇಳ್ಯಾಳೇನು?"

"ಕೇಳ್ಯಾಳ."

"ಮುಂದ?"

ಮುಂದೆ ಹಿಮ, ಹೊಸ ಕಂಬಳಿ, ಇಂಡಿಯ ನಿಂಬೆಹಣ್ಣು ನೋಡಬೇಕೆಂಬ ಆಸೆ. ಒಂಬತ್ತು ಸಾಲಿನ ಕಾಗದ ಕಾಲು ತಾಸು ನಡೆಯಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಳ್ಳೆ ಸುದ್ದಿ ಐತಿ. ಒಳಗ ತಗೊಂಡ ಬಾ, ಬಿಸಿ ರೊಟ್ಟಿ ಹಾಕ್ತೇನಿ" ಎಂದಳು.

ಸಂಜೆ ಸಿಂದಗಿಯ ಬಸ್ಸಿಗೆ ಹೊರಟಾಗ ಅಜ್ಜಿ ಬುತ್ತಿ ಕೊಡುವ ನೆಪದಲ್ಲಿ ನನ್ನನ್ನು ನಿಲ್ಲಿಸಿದಳು. "ಅದರಾಗ ಒಂಬತ್ತ ಸಾಲು ಅದಾವ. ಅಂವ ಇಲ್ಲದಾಗ ಎಷ್ಟೋ ಸಲ ಎಣಿಸೀನಿ. ಏನ್ ಮಾಡ್ಲೆಪಾ, ನನ್ನ ಮಗ ಎಷ್ಟ ದಿನಾ ಹೊರಗ ಉಣ್ಣಬೇಕು? ಅವಂಗ ಹೇಳಬ್ಯಾಡ."

ನಾನು ಹೇಳಲಿಲ್ಲ. ಈಗ ಇಬ್ಬರೂ ಇಲ್ಲ, ಕಾಗದವೂ ಸಿಗಲಿಲ್ಲ. ಆ ಹೆಂಗಸಿಗೆ ಏನಾಯಿತೆಂದು ನನಗೆ ಗೊತ್ತಿಲ್ಲ. ಮಾವನಿಗೆ ಗೊತ್ತಾಗಿತ್ತೇ ಎಂಬುದೂ ಗೊತ್ತಿಲ್ಲ.