ಮೇಷ್ಟ್ರ ಕುಸ್ತಿ ಪದಕೋಶ

ತೊಂದರೆಗೆಲ್ಲ ರೈಲೇ ಮೂಲ. ಚನ್ನಪಟ್ಟಣದಿಂದ ಬೆಂಗಳೂರಿಗೆ ಟಪಾಲು ಒಯ್ಯುವ ಗಾಡಿ ಭಾನುವಾರ ನಾಲ್ಕು ಗಂಟೆಗೇ ಹೊರಡುತ್ತಿತ್ತು. ಕುಸ್ತಿ ಶುರುವಾಗುತ್ತಿದ್ದುದು ಐದಕ್ಕೆ. ಹೀಗಾಗಿ ಬೋರಲಿಂಗಯ್ಯ ಮೇಷ್ಟ್ರು ಕುಸ್ತಿಯ ವರದಿಯನ್ನು ಊಟ ಮುಗಿಸಿ, ಕುಸ್ತಿಗೆ ಮುಂಚೆಯೇ ಬರೆದುಬಿಡುತ್ತಿದ್ದರು. ಸೋಮವಾರ ಬೆಳಿಗ್ಗೆ ಕೈಸೇರಿದರೆ ಮಾತ್ರ ಬೆಂಗಳೂರಿನ ವಾರಪತ್ರಿಕೆಯೊಂದು ಅದನ್ನು ‘ನಮ್ಮ ಚನ್ನಪಟ್ಟಣದ ಬಾತ್ಮೀದಾರರಿಂದ’ ಎಂದು ಅಚ್ಚು ಹಾಕುತ್ತಿತ್ತು. ಆ ಒಂದು ಸಾಲಿನ ದೆಸೆಯಿಂದ ಅಮಲ್ದಾರರೂ ಅವರಿಗೆ ಕುರ್ಚಿ ತೋರಿಸುತ್ತಿದ್ದರು. ಅದು ಹೋದರೆ ಅವರು ಬರೀ ಮಗ್ಗಿ ಹೇಳಿಕೊಡುವ ಮೇಷ್ಟ್ರು.

ಈ ಕೆಲಸಕ್ಕೆಂದು ಅವರಲ್ಲಿ ಒಂದು ಪದಗಳ ಪುಸ್ತಕವಿತ್ತು. ‘ರೋಮಾಂಚಕಾರಿ ಹಣಾಹಣಿ’ ಎಂದರೆ ಬಾತ್ಮೀದಾರ ನೋಡಿಲ್ಲ ಎಂದರ್ಥ. ‘ವೀರೋಚಿತ ಸೋಲು’ ಎಂದರೆ ಸೋತವನ ನೆಂಟರು ಪಕ್ಕದ ಬೀದಿಯಲ್ಲಿದ್ದಾರೆ ಎಂದು. ‘ಕಿಕ್ಕಿರಿದ ಜನಸಾಗರ’ ಎಂದರೆ ನಲವತ್ತು ಜನ, ಒಂದು ಎತ್ತು.

ಆ ಭಾನುವಾರ ಊರಿನ ವಹಾಬನಿಗೂ ಮಾಗಡಿಯ ದೊಡ್ಡಹನುಮಯ್ಯನಿಗೂ ಕುಸ್ತಿ. ಯಾರ ಕಡೆಯವರೂ ಮುನಿಸಿಕೊಳ್ಳದಿರಲೆಂದು ಮೇಷ್ಟ್ರು ‘ಜೋಡಿಯನ್ನು ಸಮಸಮವೆಂದು ಬಿಡಿಸಲಾಯಿತು’ ಎಂದು ಬರೆಯುತ್ತಿದ್ದಾಗ ಪಕ್ಕದ ಅಂಗಡಿಯ ಮುನಿಶಾಮಯ್ಯ ಹೆಗಲ ಮೇಲಿಂದ ಇಣುಕಿದ.

“ಮೇಷ್ಟ್ರೇ, ನನ್ನೆಸ್ರೂ ಒಸಿ ಸೇರಿಸ್ಕಳಿ. ಮುಂದಿನ ಸಾಲ್ನಾಗೆ ಕುಂತಿದ್ದೆ ಅಂತ.”

“ನೀನಿನ್ನೂ ಕುಂತೇ ಇಲ್ವಲ್ಲಯ್ಯ.”

“ಕುಸ್ತೀನೂ ಇನ್ನೂ ಆಗಿಲ್ವಲ್ಲ.”

ಮೇಷ್ಟ್ರು ಅವನ ಹೆಸರು ಸೇರಿಸಿದರು. ಅಷ್ಟರಲ್ಲಿ ಗೊಂಬೆ ಮಾಡುವ ಖಲಂದರ್ ಬಂದ. “ಪೈಲ್ವಾನ್ರಿಗೆ ಹಾರ ಹಾಕಿದ್ದು ನಾನೇ ಅಂತ ಬರ್ದುಬುಡಿ.” ಟಪಾಲಿನ ಹೊತ್ತಿಗೆ ವರದಿಯಲ್ಲಿ ಹನ್ನೆರಡು ಮಂದಿ ಗಣ್ಯರು ತುಂಬಿಕೊಂಡಿದ್ದರು.

ಐದಕ್ಕೆ ಪೈಲ್ವಾನರು ಅಖಾಡಕ್ಕಿಳಿದರು. ಕೈ ಮುಟ್ಟುವ ಮುಂಚೆ ತಂತಮ್ಮ ಉಸ್ತಾದರ ಹೆಸರು ಹೇಳುವುದು ಅಲ್ಲಿನ ಪದ್ಧತಿ. ಇಬ್ಬರೂ ಒಂದೇ ಹೆಸರು ಹೇಳಿದರು. ಒಬ್ಬ ಉಸ್ತಾದರ ಶಿಷ್ಯರು ಎದುರುಬದುರು ಸೆಣಸುವಂತಿಲ್ಲ. ಅವರು ತಬ್ಬಿಕೊಂಡು, ಒಂದೊಂದು ಚೊಂಬು ಹಾಲು ಕುಡಿದು, ಒಂದೇ ಜಟಕಾದಲ್ಲಿ ಹೊರಟುಹೋದರು.

ಮೇಷ್ಟ್ರ ವರದಿ ಆಗಲೇ ರೈಲು ಹತ್ತಿಹೋಗಿತ್ತು. ಯಾರಾದರೂ ಗೆದ್ದಿದ್ದರೆ ತಂತಿ ಕೊಟ್ಟು ತಿದ್ದಿಸಬಹುದಿತ್ತು. ಕುಸ್ತಿಯೇ ಆಗಲಿಲ್ಲವೆಂದು ಯಾವ ಮುಖ ಹೊತ್ತುಕೊಂಡು ತಂತಿ ಕೊಡುವುದು? ನೆಟ್ಟಗೆ ಮನೆಗೆ ಬಂದರು.

ಗುರುವಾರ ಪತ್ರಿಕೆ ಬಂತು. ಒಂದು ಕಾಲಂ ತುಂಬ ರೋಮಾಂಚಕಾರಿ ಹಣಾಹಣಿ. ಬೆಳಗಿನ ಬಿಸಿಲು ಏರುವುದರೊಳಗೆ ಹನ್ನೆರಡು ಮಂದಿಯೂ ಟಪಾಲು ಕಚೇರಿಯ ಮುಂದೆ ಕಾರ್ಡು ಕೊಳ್ಳಲು ನಿಂತಿದ್ದರು. ತಮ್ಮ ಮೇಲೆ ಚಾಡಿ ಬರೆಯಲೆಂದೇ ಬಂದಿದ್ದಾರೆ ಎಂದುಕೊಂಡರು ಮೇಷ್ಟ್ರು. ತಾವೇ ಮುಂಚೆ ತಪ್ಪೊಪ್ಪಿಕೊಂಡರೆ ಉಳಿಯಬಹುದೆಂದು ಅಲ್ಲೇ ಜಗಲಿಯ ಮೇಲೆ ಕೂತು, ‘ಕುಸ್ತಿ ನಡೆಯಲೇ ಇಲ್ಲ, ಕ್ಷಮಿಸಬೇಕು’ ಎಂದು ಬರೆದು ಡಬ್ಬಿಗೆ ಹಾಕಿದರು.

ಸಂಪಾದಕರ ಉತ್ತರ ಬಂತು: ‘ಕುಸ್ತಿಯನ್ನು ಕಣ್ಣಾರೆ ಕಂಡ ಹನ್ನೆರಡು ಗಣ್ಯರು ವರದಿಯನ್ನು ಹೊಗಳಿ ಕಾಗದ ಬರೆದಿದ್ದಾರೆ. ನಡೆಯಲಿಲ್ಲ ಎನ್ನುವವರು ತಾವೊಬ್ಬರೇ. ಎದುರಿಗೆ ನಡೆದದ್ದೇ ಕಾಣದವರು ನಮ್ಮ ಕೆಲಸಕ್ಕೆ ಒದಗುವುದಿಲ್ಲ. ಮುಂದಿನ ಸಾಲಿನಲ್ಲಿ ಕುಳಿತು ನೋಡಿದ ಶ್ರೀ ಮುನಿಶಾಮಯ್ಯನವರು ಇನ್ನು ಮೇಲೆ ಬರೆಯುತ್ತಾರೆ.’

ಕಾಗದ ಮಡಚುವಷ್ಟರಲ್ಲಿ ಮುನಿಶಾಮಯ್ಯ ಬಾಗಿಲಲ್ಲಿ ನಿಂತಿದ್ದ.

“ಬೇಜಾರ್ ಮಾಡ್ಕಬೇಡಿ ಮೇಷ್ಟ್ರೇ. ಆ ಪದದ ಪುಸ್ತಕ ಒಸಿ ಕೊಡ್ತೀರಾ? ಬರೋ ಭಾನ್ವಾರದ ಕುಸ್ತಿ ಇವತ್ತೇ ಬರ್ದು ಮುಗಿಸ್ಬುಡ್ತೀನಿ. ನಿಮ್ಮೆಸ್ರೂ ಹಾಕ್ತೀನಿ, ಹಿಂದಿನ ಸಾಲ್ನಾಗೆ.”